ಬಂದದ್ದು ಸೇನೆ, ಹೆಸರು ಪೊಲೀಸರದ್ದು

ಕಲಬುರಗಿ, ಬೀದರ್ ಕಡೆ ತೀರಾ ಹಳಬರು ತಮ್ಮ ವಯಸ್ಸು ಹೇಳುವಾಗ ಇಸವಿಗಿಂತ ಮೊದಲು 'ಪೊಲೀಸ್ ಆ್ಯಕ್ಷನ್' ಬರುತ್ತದೆ. "ಪೊಲೀಸ್ ಆ್ಯಕ್ಷನ್ ಆದಾಗ ನಾ ಇಷ್ಟಿದ್ದೆ ನೋಡ್ರಿ" ಅಂತ ಮೊಣಕಾಲಿನ ಹತ್ತಿರ ಕೈ ಹಿಡಿದು ತೋರಿಸುತ್ತಾರೆ. ಆದರೆ ಆಗ ಬಂದವರು ಪೊಲೀಸರಲ್ಲ. ಟ್ಯಾಂಕುಗಳ ಸಮೇತ ಬಂದ ಭಾರತದ ಸೇನೆ.

1948ರ ಸೆಪ್ಟೆಂಬರ್ 13ರಂದು ಮೇಜರ್ ಜನರಲ್ ಜೆ.ಎನ್. ಚೌಧರಿ ಅವರ ಪಡೆ ಸೊಲ್ಲಾಪುರದ ದಿಕ್ಕಿನಿಂದ ಹೈದರಾಬಾದ್ ಸಂಸ್ಥಾನದೊಳಗೆ ಬಂತು. ಭಾರತಕ್ಕೆ ಸೇರಲು ಒಪ್ಪದಿದ್ದ ನಿಜಾಮರ ಈ ಸಂಸ್ಥಾನದಲ್ಲೇ ಆಗ ಕಲಬುರಗಿ, ಬೀದರ್ ಇದ್ದವು. ಸೇನೆ ಇಟ್ಟ ಹೆಸರು 'ಆಪರೇಷನ್ ಪೋಲೊ'. 17ರ ಸಂಜೆ ನಿಜಾಮರು ಕದನವಿರಾಮ ಸಾರಿದರು. ಮರುದಿನ ಅವರ ಸೇನಾಪತಿ ಎಲ್ ಎದ್ರೂಸ್ ಶರಣಾದರು.

ಹಾಗಾದರೆ ಪೊಲೀಸರ ಹೆಸರು ಯಾಕೆ? ಆಗಸ್ಟ್‌ನಲ್ಲೇ ನಿಜಾಮರ ಸರ್ಕಾರ ಭಾರತದ ಮೇಲೆ ವಿಶ್ವಸಂಸ್ಥೆಗೆ ದೂರು ಕೊಟ್ಟಿತ್ತು. ಯುದ್ಧ ಅಂದುಬಿಟ್ಟರೆ ಹೈದರಾಬಾದ್ ಬೇರೆ ದೇಶ ಅಂತ ಭಾರತ ತಾನೇ ಒಪ್ಪಿಕೊಂಡಂತೆ, ಅಲ್ವಾ? ನಿಜಾಮರ ಪರ ನಿಂತ ಸಶಸ್ತ್ರ ಗುಂಪಾದ ರಜಾಕಾರರ ಹಾವಳಿ ಅಡಗಿಸಿ ಶಾಂತಿ ಕಾಪಾಡುವುದು ನಮ್ಮ ಮನೆಯೊಳಗಿನ ವಿಷಯ ಅನ್ನುವುದು ದೆಹಲಿಯ ವಾದ. ಅದಕ್ಕೆ ಈ ಪದ ಸರಿಯಾಗಿ ಹೊಂದಿಕೊಂಡಿತು.

ಪದ ಮಾತ್ರ ದೆಹಲಿಯಲ್ಲಿ ಹುಟ್ಟಿದ್ದಲ್ಲ. 1947ರ ಜುಲೈನಲ್ಲಿ ತಮ್ಮ ವಸಾಹತಾಗಿದ್ದ ಇಂಡೋನೇಷ್ಯಾದ ಮೇಲೆ ಸೇನೆ ನುಗ್ಗಿಸಿದ ಡಚ್ಚರು ಅದನ್ನು 'ಪೊಲೀಸ್ ಕಾರ್ಯಾಚರಣೆ' ಎಂದೇ ಕರೆದಿದ್ದರು. ಅವರದೂ ಅದೇ ಮಾತು: ಇದು ನಮ್ಮ ಆಂತರಿಕ ವಿಷಯ. ಆಗ ಅದನ್ನು ಭದ್ರತಾ ಮಂಡಳಿಗೆ ಒಯ್ದವರಲ್ಲಿ ಭಾರತವೂ ಒಂದು! ಹೈದರಾಬಾದ್ ಮತ್ತು ಇಂಡೋನೇಷ್ಯಾ ಒಂದೇ ಅಂತ ನಾನು ಹೇಳುತ್ತಿಲ್ಲ. ಪದ ಯಾರ ಕೈಗೆ ಸಿಕ್ಕರೂ ಅವರ ಕೆಲಸ ಮಾಡಿಕೊಡುತ್ತದೆ, ಅಷ್ಟೇ. 1950ರಲ್ಲಿ ಅಮೆರಿಕದ ಅಧ್ಯಕ್ಷ ಟ್ರೂಮನ್ ಕೊರಿಯಾ ಕದನಕ್ಕೂ ಇದೇ ಪದ ಒಪ್ಪಿಕೊಂಡರು. ಆ 'ಪೊಲೀಸ್ ಕೆಲಸ' ಮೂರು ವರ್ಷ ನಡೆಯಿತು.

ನಮ್ಮ ಕಡೆ ಸರ್ಕಾರ ಸೆಪ್ಟೆಂಬರ್ 17ಕ್ಕೆ ಧ್ವಜ ಹಾರಿಸಿ ಕಲ್ಯಾಣ ಕರ್ನಾಟಕ ಉತ್ಸವ ಮಾಡುತ್ತದೆ. ಹಳಬರ ಮಾತಿನಲ್ಲಿ ಆ ದಿನ ಇಷ್ಟು ಸರಳವಲ್ಲ. ಒಂದು ಮನೆಯಲ್ಲಿ ರಜಾಕಾರರಿಂದ ಉಳಿದುಕೊಂಡ ಕಥೆ, ಇನ್ನೊಂದರಲ್ಲಿ ಸೇನೆ ಬಂದ ಮೇಲೆ ನಡೆದ ಹಿಂಸೆಯಲ್ಲಿ ಗಂಡಸರನ್ನು ಕಳೆದುಕೊಂಡ ಕಥೆ. ನೆಹರೂ ಕಳಿಸಿದ ಸುಂದರಲಾಲ್ ಸಮಿತಿ ಈ ಎರಡನೇ ಕಥೆಯನ್ನು ಬರೆದಿಟ್ಟಿತು. ಕಾರ್ಯಾಚರಣೆಯ ವೇಳೆ ಮತ್ತು ನಂತರ ಸಂಸ್ಥಾನದಲ್ಲಿ ಸತ್ತವರು 27,000ದಿಂದ 40,000 ಎಂಬುದು ಅದರ ಅಂದಾಜು. ಹೆಚ್ಚು ನಲುಗಿದ ನಾಲ್ಕು ಜಿಲ್ಲೆಗಳಲ್ಲಿ ಅಂದಿನ ಗುಲ್ಬರ್ಗಾ, ಬೀದರ್ ಎರಡೂ ಇವೆ. ಆಗ ಯಾದಗಿರಿ ಗುಲ್ಬರ್ಗಾ ಜಿಲ್ಲೆಯೊಳಗೇ ಇತ್ತು. ಸರ್ಕಾರ ಆ ವರದಿಯನ್ನು ಆಗ ಪ್ರಕಟಿಸಲಿಲ್ಲ.