"ಎಲ್ಲಿಂದ ಎಲ್ಲಿಗೆ ಸರ್?"

ದೂರಶಿಕ್ಷಣದ ವಿದ್ಯಾರ್ಥಿಗಳಿಗೆಂದು ನಾನು ಮಾಡಿದ ಮೊದಲ ಪಾಡ್‌ಕಾಸ್ಟ್ 50 ನಿಮಿಷದ್ದು. ತರಗತಿಯ ಅರ್ಥಶಾಸ್ತ್ರದ ಪಾಠವನ್ನೇ ಧ್ವನಿಮುದ್ರಿಸಿ ಕಳಿಸಿಬಿಟ್ಟಿದ್ದೆ. ಬೇಡಿಕೆಯ ರೇಖೆ "ಇಲ್ಲಿಂದ ಹೀಗೆ ಇಳಿದು ಇಲ್ಲಿಗೆ ಬರುತ್ತದೆ ನೋಡಿ" ಎನ್ನುವ ನನ್ನ ದನಿ, ಹಿಂದೆಯೇ ಸೀಮೆಸುಣ್ಣದ ಕಿರ್ರೆನ್ನುವ ಸದ್ದು. ಗಾರ್ಮೆಂಟ್ಸ್‌ನಲ್ಲಿ ದುಡಿಯುತ್ತ ಬಿ.ಎ. ಓದುತ್ತಿದ್ದ ವಿದ್ಯಾರ್ಥಿನಿಯೊಬ್ಬರು ಸಂಪರ್ಕ ತರಗತಿಯಲ್ಲಿ ಕೇಳಿದರು: "ಎಲ್ಲಿಂದ ಎಲ್ಲಿಗೆ ಸರ್? ನಾನು ಬಸ್ಸಿನಲ್ಲಿ ನಿಂತಿದ್ದೆ."

ಈಗ ಅದೇ ಪಾಠ ಹೀಗಿದೆ: "ಟೊಮೆಟೊ ಕಿಲೋಗೆ 80 ರೂಪಾಯಿ ಇದ್ದಾಗ ಅರ್ಧ ಕಿಲೋ ತರುವ ಮನೆ, 20ಕ್ಕೆ ಇಳಿದರೆ ಎರಡು ಕಿಲೋ ತರುತ್ತದೆ. ಬೆಲೆ ಮೇಲಿದ್ದರೆ ಕೊಳ್ಳುವುದು ಕಡಿಮೆ. ಇದನ್ನೇ ಗೆರೆಯಾಗಿ ಎಳೆದರೆ ಎಡದ ಮೇಲ್ತುದಿಯಿಂದ ಬಲದ ಕೆಳತುದಿಗೆ ಇಳಿಜಾರು." ಆಮೇಲೆ ಪುಸ್ತಕದ ಪುಟಸಂಖ್ಯೆ ಹೇಳಿ, ಮನೆಗೆ ಹೋದ ಮೇಲೆ ಚಿತ್ರ ನೋಡಿ ಎನ್ನುತ್ತೇನೆ. ಹನ್ನೆರಡರಿಂದ ಹದಿನೈದು ನಿಮಿಷಕ್ಕೆ ಮುಗಿಸುತ್ತೇನೆ.

ದನಿಯಲ್ಲಿ ಪಾಠ ಹೇಳುವುದು ಹೊಸತೇನಲ್ಲ. ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದ (ಇಗ್ನೋ) ಜ್ಞಾನವಾಣಿ ಎಫ್‌ಎಂ ರೇಡಿಯೊ ಶುರುವಾದದ್ದು 2001ರಲ್ಲಿ. ಬ್ರಿಟನ್ನಿನ ಮುಕ್ತ ವಿಶ್ವವಿದ್ಯಾಲಯದ ಪಾಠಗಳು ಬಿಬಿಸಿಯಲ್ಲಿ ನಡುರಾತ್ರಿ ಬರುತ್ತಿದ್ದವು. ಆದರೆ ಪ್ರಸಾರದ ಹೊತ್ತಿಗೆ ಕೇಳುವವರೇ ಕಾದು ಕೂರಬೇಕಿತ್ತು. ಪಾಡ್‌ಕಾಸ್ಟ್ ಎಂಬ ಪದ ಹುಟ್ಟಿದ್ದು 2004ರಲ್ಲಿ; ಅಲ್ಲಿಂದ ಕಾಯುವ ಸರದಿ ಪಾಠದ್ದಾಯಿತು.

ಡೇಟಾ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಮಾತಿಗೆ ಮೋನೋದಲ್ಲಿ, ಅಂದರೆ ಒಂದೇ ಧ್ವನಿವಾಹಿನಿಯಲ್ಲಿ, 64 ಕೆಬಿಪಿಎಸ್ (ಸೆಕೆಂಡಿಗೆ 64 ಕಿಲೋಬಿಟ್) ಧಾರಾಳ ಸಾಕು. ಹದಿನೈದು ನಿಮಿಷದ ಕಡತ ಸುಮಾರು 7 ಎಂಬಿ ಆಗುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದರೆ ಸುಲಭ, ನಿಜ. ಆದರೆ ತಪ್ಪು ಹೇಳಿದ ಪಾಠ ಒಮ್ಮೆ ಗುಂಪಿನಿಂದ ಗುಂಪಿಗೆ ಹೊರಟರೆ ಹಿಂದಕ್ಕೆ ಕರೆಯಲಾಗದು. ಪಾಡ್‌ಕಾಸ್ಟ್ ಆ್ಯಪ್‌ಗಳು ಪಾಠಗಳನ್ನು ಎತ್ತಿಕೊಳ್ಳುವ ಪಟ್ಟಿಯಾದ ಫೀಡ್‌ನಲ್ಲಿ ಕಡತ ಬದಲಿಸಿದರೆ ಆಮೇಲೆ ಇಳಿಸಿಕೊಳ್ಳುವವರಿಗಾದರೂ ತಿದ್ದಿದ್ದು ಸಿಗುತ್ತದೆ.

ಸ್ಟುಡಿಯೊ ಇಲ್ಲವೆಂದು ಕೈಕಟ್ಟಿ ಕೂರುವುದು ಬೇಡ. ಬಟ್ಟೆ ತುಂಬಿದ ಬೀರುವಿನ ಬಾಗಿಲು ತೆರೆದು, ಫ್ಯಾನ್ ಆರಿಸಿ, ಅದರ ಮುಂದೆ ಕುಳಿತು ಮಾತನಾಡಿ. ಗೋಡೆಯ ಮಾರ್ದನಿಯನ್ನು ಬಟ್ಟೆ ನುಂಗುತ್ತದೆ. ಮೊಬೈಲ್ ಬಾಯಿಂದ ಒಂದು ಗೇಣು ದೂರ, ತುಸು ಪಕ್ಕಕ್ಕಿರಲಿ. ನೇರ ಹಿಡಿದರೆ 'ಫ', 'ಭ'ಗಳ ಉಸಿರು ಬಡಿದು ಧಬ್ ಎನ್ನುತ್ತದೆ. ಮಹಾಪ್ರಾಣಗಳೆಂದರೆ ಮೈಕಿಗೆ ಪ್ರಾಣಸಂಕಟ!

ಎಲ್ಲ ವಿಷಯಕ್ಕೂ ಇದು ಒಗ್ಗುವುದಿಲ್ಲ. ಅಢಾವೆ ಪತ್ರಿಕೆಯನ್ನು (ಬ್ಯಾಲೆನ್ಸ್ ಶೀಟ್) ಕಿವಿಯಲ್ಲಿ ಓದಿಸುವುದು ಕೇಳುವವರಿಗೆ ಶಿಕ್ಷೆ. ಯಾರು ಕೇಳಿಕೊಂಡರೂ ನಾನು ಮಾಡಿಕೊಡುವುದಿಲ್ಲ.

ಇನ್ನೊಂದು ಕೊರತೆ, ಕೇಳುವವರು ಕೈ ಎತ್ತುವಂತಿಲ್ಲ. ಅದಕ್ಕೇ ಪ್ರಶ್ನೆಗಳನ್ನು ಅವರ ದನಿಯಲ್ಲೇ ತರಿಸಿಕೊಂಡು ಮುಂದಿನ ಪಾಠವನ್ನು ಅವುಗಳಿಂದ ಶುರುಮಾಡುತ್ತೇನೆ. ಆ ವಿದ್ಯಾರ್ಥಿನಿ ಕಳಿಸಿದ ಪ್ರಶ್ನೆಯ ಹಿಂದೆ ಕಂಡಕ್ಟರ್ ಸೀಟಿ ಊದುವುದು, "ಮುಂದೆ ಹೋಗಿ, ಮುಂದೆ ಹೋಗಿ" ಎನ್ನುವುದು ಸ್ಪಷ್ಟವಾಗಿ ಕೇಳುತ್ತಿತ್ತು. ಕತ್ತರಿಸಲು ಹೋದವನು ಹಾಗೆಯೇ ಬಿಟ್ಟೆ.