ಅಂಕೋರ್ ಚಿತ್ರಗಳಲ್ಲಿ ಕಂಡದ್ದೆಷ್ಟು, ಕಲ್ಪಿಸಿದ್ದೆಷ್ಟು?

1873ರಲ್ಲಿ ಪ್ಯಾರಿಸ್‌ನಿಂದ ಒಂದು ಭಾರೀ ಪುಸ್ತಕ ಹೊರಬಂತು. ಮೆಕಾಂಗ್ ನದಿಗುಂಟ ಫ್ರೆಂಚರು ನಡೆಸಿದ ಶೋಧಯಾತ್ರೆಯ ವರದಿ ಅದು. ಜೊತೆಗೆ ದೊಡ್ಡ ಅಳತೆಯ ಒಂದು ಚಿತ್ರಸಂಪುಟವೂ ಇತ್ತು. ಅದರ ಚಿತ್ರಗಳನ್ನು ಬಿಡಿಸಿದವರು ಲೂಯಿ ದೆಲಪೋರ್ತ್ ಎಂಬ ನೌಕಾಪಡೆ ಅಧಿಕಾರಿ. ಕಾಂಬೋಡಿಯಾದ ಖ್ಮೇರ್ ಜನರು ಕಟ್ಟಿದ ದೇವಾಲಯಗಳು ಯುರೋಪಿನವರ ಮನಸ್ಸಿನಲ್ಲಿ ಕೂತದ್ದು ಬಹುಮಟ್ಟಿಗೆ ಇವರ ಪೆನ್ಸಿಲ್‌ನಿಂದಲೇ. ಸಂಪುಟ ಈಗ ಅಪರೂಪದ ವಸ್ತು. ಆದರೆ ಅದರ ಬೆಲೆಗಿಂತ ಅದು ಹುಟ್ಟಿದ ಕಥೆ ನನಗೆ ದೊಡ್ಡದು.

ಹಳೆಯ ಖ್ಮೇರ್ ರಾಜಧಾನಿ ಅಂಕೋರ್‌ನ ದೊಡ್ಡ ದೇವಾಲಯ ಅಂಕೋರ್ ವಾಟ್ ಅನ್ನು ಕಾಗದಕ್ಕಿಳಿಸಿದವರಲ್ಲಿ ದೆಲಪೋರ್ತ್ ಮೊದಲಿಗರೇನಲ್ಲ. 17ನೇ ಶತಮಾನದಲ್ಲೇ ಜಪಾನಿನ ಯಾತ್ರಿಕರು ಅಲ್ಲಿಗೆ ಹೋಗಿದ್ದರು. ಅವರಲ್ಲೊಬ್ಬರು 1632ರಲ್ಲಿ ಕಂಬದ ಮೇಲೆ ಬರೆದ ಬರಹ ಇನ್ನೂ ಇದೆ. ಆ ಕಾಲದ ಜಪಾನಿ ನಕ್ಷೆಯೊಂದರ ಪ್ರತಿಯೂ ಉಳಿದಿದೆ. ನಕ್ಷೆ ಅಂಕೋರ್ ವಾಟ್‌ನದೇ, ಹೆಸರು ಮಾತ್ರ ಬುದ್ಧ ತಂಗಿದ್ದ ಜೇತವನದ್ದು! ಭಾರತದ ಶ್ರಾವಸ್ತಿಯ ಜೇತವನಕ್ಕೇ ಬಂದಿದ್ದೇವೆ ಎಂದು ಅವರು ನಂಬಿದ್ದರು.

ಹೀಗಿರುವಾಗ 1860ರಲ್ಲಿ ಅಲ್ಲಿಗೆ ಹೋದ ಫ್ರೆಂಚ್ ನಿಸರ್ಗ ಶೋಧಕ ಆನ್ರಿ ಮೂಓ ಅಂಕೋರನ್ನು 'ಕಂಡುಹಿಡಿದರು' ಅನ್ನುವುದನ್ನು ನಾನು ಒಪ್ಪಲಾರೆ. ಅವರು ಹೋದಾಗಲೂ ಅಂಕೋರ್ ವಾಟ್‌ನಲ್ಲಿ ಬೌದ್ಧ ಭಿಕ್ಷುಗಳು ವಾಸವಾಗಿದ್ದರು, ಪೂಜೆ ನಡೆದಿತ್ತು. ಮರುವರ್ಷವೇ ಮೂಓ ಲಾವೋಸ್‌ನಲ್ಲಿ ಜ್ವರದಿಂದ ತೀರಿಕೊಂಡರು. ಅವರ ಬರಹ 1863ರಲ್ಲಿ ಪ್ಯಾರಿಸ್‌ನ ಪ್ರವಾಸ ಪತ್ರಿಕೆಯೊಂದರಲ್ಲಿ ಬಂತು. ಅವರ ರೇಖಾಚಿತ್ರಗಳನ್ನು ಅಚ್ಚಿಗೆ ಸಿದ್ಧಪಡಿಸಿದವರು ಪ್ಯಾರಿಸ್‌ನ ಕಲಾವಿದರು. ಕಾಡು ನುಂಗಿದ ನಗರ ಎಂಬ ಕಥೆ ಊರೆಲ್ಲ ಹಬ್ಬಿತು.

1866ರ ಜೂನ್‌ನಲ್ಲಿ ಸೈಗಾನ್‌ನಿಂದ ಮೆಕಾಂಗ್ ತಂಡ ಹೊರಟಿತು. ದುದಾರ್ ದ ಲಗ್ರೇ ನಾಯಕ, ಫ್ರಾನ್ಸಿಸ್ ಗಾರ್ನಿಯೇ ಅವರ ನಂತರದ ಸ್ಥಾನದವರು. ಚಿತ್ರಕಾರ ದೆಲಪೋರ್ತ್‌ಗೆ ಆಗ 24 ವರ್ಷ. ಚೀನಾಕ್ಕೆ ಜಲಮಾರ್ಗ ಸಿಗುತ್ತದೆಯೇ ಎಂದು ನೋಡುವುದು ಯಾತ್ರೆಯ ಗುರಿ. ದಾರಿಯಲ್ಲಿ ಅಂಕೋರ್‌ನಲ್ಲಿ ಕೆಲವು ದಿನ ತಂಗಿದರು. ನದಿಯಲ್ಲಿ ಜಲಪಾತಗಳು ಅಡ್ಡ ಬಂದವು, ಹಡಗಿನ ದಾರಿಯ ಆಸೆ ಮುಗಿಯಿತು. ಲಗ್ರೇ 1868ರಲ್ಲಿ ಚೀನಾದ ಯುನಾನ್‌ನಲ್ಲಿ ಸತ್ತರು.

ಆ ಹೊತ್ತಿಗೆ ಕ್ಯಾಮೆರಾ ಇರಲಿಲ್ಲವೇ? ಇತ್ತು. ಅದೇ 1866ರಲ್ಲಿ ಸ್ಕಾಟ್ಲೆಂಡಿನ ಜಾನ್ ಥಾಮ್ಸನ್ ಅಂಕೋರ್‌ನ ಫೋಟೋ ತೆಗೆದರು. ಮೆಕಾಂಗ್ ತಂಡದ ಜೊತೆ ಎಮಿಲ್ ಗ್ಸೆಲ್ ಎಂಬ ಛಾಯಾಗ್ರಾಹಕರೂ ಅಂಕೋರ್‌ಗೆ ಬಂದಿದ್ದರು. ಆದರೆ ಆಗ ಗಾಜಿನ ಫಲಕಕ್ಕೆ ರಾಸಾಯನಿಕ ಬಳಿದು, ಅದು ಒಣಗುವ ಮೊದಲೇ ಫೋಟೋ ತೆಗೆದು ತೊಳೆಯಬೇಕಿತ್ತು. ಕಾಡಿನ ಸೆಕೆಯಲ್ಲಿ ಇದು ಸುಮ್ನೆ ಮಾತಲ್ಲ. ಫೋಟೋವನ್ನು ಅಕ್ಷರದ ಜೊತೆ ಸುಲಭವಾಗಿ ಅಚ್ಚು ಹಾಕುವ ವಿಧಾನವೂ ಬಂದಿರಲಿಲ್ಲ. ಹೀಗಾಗಿ ಪುಸ್ತಕಕ್ಕೆ ಕೈಚಿತ್ರವೇ ಗತಿ.

ಕೈಚಿತ್ರಕ್ಕೆ ಇನ್ನೊಂದು ಶಕ್ತಿ ಇತ್ತು. ಬಿದ್ದುಹೋದದ್ದನ್ನು ಅದು ಮತ್ತೆ ನಿಲ್ಲಿಸಬಲ್ಲದು. ದೆಲಪೋರ್ತ್ ಬೇರು ಸುತ್ತಿಕೊಂಡ ಗೋಡೆಗಳನ್ನೂ ಬರೆದರು, ಇಡಿಯಾಗಿ ಎದ್ದುನಿಂತ ದೇವಾಲಯಗಳನ್ನೂ ಬರೆದರು. ಅಂಕೋರ್‌ನಲ್ಲೇ ಇರುವ, ಕಲ್ಲಿನ ಮುಖಗಳ ಬಾಯೊನ್ ದೇಗುಲ ಆಗ ಗಿಡಮರದಲ್ಲಿ ಮುಚ್ಚಿಹೋಗಿತ್ತು. ಅವರು ಅದನ್ನೂ ಪೂರ್ತಿಯಾಗಿಸಿ ತೋರಿಸಿದರು. ನೋಡಿದರೆ ಕಣ್ಣು ಕೀಳಲು ಆಗದಷ್ಟು ಚೆಂದ. ಆದರೆ ಎಲ್ಲಿಯವರೆಗೆ ಅಳತೆ, ಎಲ್ಲಿಂದ ಊಹೆ ಎಂದು ಚಿತ್ರ ನೋಡಿದರೆ ತಿಳಿಯುವುದಿಲ್ಲ. ಆ ಕಾಲದ ವಿದ್ವಾಂಸರಿಗೇ ಬಾಯೊನ್ ಸರಿಯಾಗಿ ಗೊತ್ತಿರಲಿಲ್ಲ. ಅದು 9ನೇ ಶತಮಾನದ ಹಿಂದೂ ದೇಗುಲ ಎಂದು ಬಹುಕಾಲ ನಂಬಿದ್ದರು. ಫ್ರೆಂಚ್ ವಿದ್ವಾಂಸ ಫಿಲಿಪ್ ಸ್ಟರ್ನ್ 1927ರಲ್ಲಿ ಆ ಕಾಲನಿರ್ಣಯವನ್ನು ಪ್ರಶ್ನಿಸಿದರು. ಮರುವರ್ಷ ಇನ್ನೊಬ್ಬ ಫ್ರೆಂಚ್ ವಿದ್ವಾಂಸ ಜಾರ್ಜ್ ಸೇದೆಸ್ ಶಾಸನಗಳ ಆಧಾರದಿಂದ ಅದು ಬೌದ್ಧ ದೊರೆ ಏಳನೇ ಜಯವರ್ಮನ ಕಾಲದ್ದು, ಅಂದರೆ 12ನೇ ಶತಮಾನದ ಕೊನೆಗೆ ಸೇರಿದ್ದು ಎಂದು ತೋರಿಸಿದರು.

ಪುಸ್ತಕ ಬಂದ 1873ರಲ್ಲೇ ದೆಲಪೋರ್ತ್ ಮತ್ತೆ ಕಾಂಬೋಡಿಯಾಕ್ಕೆ ಹೋದರು. ಈ ಸಲ ಬರೆಯುವುದರ ಜೊತೆ ಶಿಲ್ಪಗಳನ್ನು ಸಾಗಿಸುವ ಕೆಲಸವೂ ಇತ್ತು. ನಾಗನ ದೇಹವನ್ನು ಹಿಡಿದೆಳೆಯುವ ದೈತ್ಯರ ಸಾಲಿನ ಭಾಗವೂ ಹಡಗು ಹತ್ತಿತು. ಪ್ಯಾರಿಸ್‌ನ ಲೂವ್ರ್ ಸಂಗ್ರಹಾಲಯ ಅವನ್ನು ಇಟ್ಟುಕೊಳ್ಳಲು ಒಪ್ಪಲಿಲ್ಲ, ಕೊನೆಗೆ ಕೊಂಪಿಯೇನ್ ಅರಮನೆಗೆ ಹೋದವು. 1878ರ ವಿಶ್ವ ಪ್ರದರ್ಶನದಲ್ಲಿ ಜನ ಮುಗಿಬಿದ್ದು ನೋಡಿದರು. ಚಿತ್ರಗಳು ಹುಟ್ಟಿಸಿದ ಆಸೆಗೂ ಈ ಸಾಗಾಟಕ್ಕೂ ನಂಟಿದೆ ಎಂದು ನನಗೆ ಖಚಿತ. ಒಂದು ಕಡೆ ಅಪಾರ ಪ್ರೀತಿ, ಇನ್ನೊಂದು ಕಡೆ ಕಿತ್ತೊಯ್ಯುವ ಹಕ್ಕು ತಮ್ಮದೆಂಬ ನಂಬಿಕೆ. ಖ್ಮೇರ್ ಜನರ ಮಾತು ಇದರಲ್ಲಿ ಎಷ್ಟು ಕೇಳಿಸಿತು? ಅಂಕೋರ್ ಅಂತೂ ಆಗ ಸಯಾಮ್ (ಇಂದಿನ ಥಾಯ್ಲೆಂಡ್) ಕೈಯಲ್ಲಿತ್ತು, ಕಾಂಬೋಡಿಯಾಕ್ಕೆ ಮರಳಿದ್ದು 1907ರಲ್ಲಿ, ಅದೂ ಫ್ರೆಂಚ್ ಆಳ್ವಿಕೆಯಡಿ.

ದೆಲಪೋರ್ತ್ ಇನ್ನೂ ಒಂದು ಕೆಲಸ ಮಾಡಿಸಿದರು. ದೇಗುಲದ ಕೆತ್ತನೆಗಳಿಂದ ಅಚ್ಚು ತೆಗೆದು ಪ್ಲಾಸ್ಟರ್‌ನಲ್ಲಿ ಎರಕ ಹೊಯ್ಯಿಸಿದರು. ಪ್ಯಾರಿಸ್‌ನ ತ್ರೊಕಾದೆರೊದಲ್ಲಿ ಇವುಗಳಿಗೊಂದು ಸಂಗ್ರಹಾಲಯವೇ ಇತ್ತು. ಮುಂದೆ ಮೂಲ ಶಿಲ್ಪಗಳು ಪ್ಯಾರಿಸ್‌ನದೇ ಗಿಮೇ ಸಂಗ್ರಹಾಲಯ ಸೇರಿದವು. ಎರಕಗಳು ದಶಕಗಟ್ಟಲೆ ಮೂಲೆಯಲ್ಲಿ ಬಿದ್ದು ಹಾಳಾಗುತ್ತ ಬಂದವು. ದುರಸ್ತಿ ಮಾಡಿದ ಕೆಲವನ್ನು 2013ರಲ್ಲಿ ಗಿಮೇ ಪ್ರದರ್ಶನಕ್ಕಿಟ್ಟಿತು. ಈ ನಡುವೆ ಅಂಕೋರ್‌ನಲ್ಲಿ ಮಳೆ, ಪಾಚಿ, ಕಳ್ಳತನದಿಂದ ಎಷ್ಟೋ ಕೆತ್ತನೆ ಮಾಸಿದೆ, ಮಾಯವಾಗಿದೆ. ಅಂಥ ಕಡೆ 19ನೇ ಶತಮಾನದ ರೂಪ ನೋಡಬೇಕೆಂದರೆ ಪ್ಲಾಸ್ಟರ್ ಎರಕಕ್ಕೋ ಹಳೆಯ ಫೋಟೋಗೋ ಹೋಗಬೇಕು. ದೆಲಪೋರ್ತ್‌ರ ಚಿತ್ರವನ್ನು ಅವುಗಳ ಪಕ್ಕದಲ್ಲಿಟ್ಟು ನೋಡಿದರೆ ಯಾವ ಗೆರೆ ಕಲ್ಲಿನದು, ಯಾವುದು ಅವರದೇ ಸೇರ್ಪಡೆ ಎಂದು ಒಂದೊಂದಾಗಿ ಬಿಡಿಸಬಹುದು.