ಮಕ್‌ಜಾಂಗ್: ಅಳಿಸುವ ಕಥೆಯೂ ಅಲ್ಲ, ಕೆಟ್ಟ ಕಥೆಯೂ ಅಲ್ಲ

ಕಾರಣ ಕೇಳದೆ ಏನು ಬೇಕಾದರೂ ನಡೆದುಬಿಡುವ ಕೊರಿಯನ್ ಧಾರಾವಾಹಿಗಳಿಗೆ ಮಕ್‌ಜಾಂಗ್ ಅನ್ನುತ್ತಾರೆ. ಕಳೆದ ವಾರ ಒಂದು ರೀಲ್ಸ್ ನೋಡಿದೆ. 'ವೆನ್ ಲೈಫ್ ಗಿವ್ಸ್ ಯು ಟ್ಯಾಂಜರಿನ್ಸ್' ಎಂಬ ಕೊರಿಯನ್ ಡ್ರಾಮಾ ಆಗಷ್ಟೇ ನೋಡಿ ಮುಗಿಸಿದ ಹುಡುಗಿಯೊಬ್ಬಳು ಕಣ್ಣು ಒರೆಸಿಕೊಳ್ಳುತ್ತಾ, "ಫುಲ್ ಮಕ್‌ಜಾಂಗ್ ಗುರೂ, ಕರ್ಚೀಫ್ ಪಕ್ಕದಲ್ಲಿ ಇಟ್ಕೊಂಡೇ ನೋಡಿ" ಅಂದಳು. ಅದಕ್ಕೂ ಹದಿನೈದು ದಿನ ಮುಂಚೆ ಇನ್ನೊಬ್ಬರು ಯಾವುದೋ ಡ್ರಾಮಾ ಬಗ್ಗೆ "ಕಥೆ ಇಲ್ಲ, ಬೋರು, ಶುದ್ಧ ಮಕ್‌ಜಾಂಗ್" ಎಂದು ಬರೆದಿದ್ದರು. ಅದಕ್ಕೂ ಮುಂಚೆ ಒಂದು ಸಿನಿಮಾ ಸುದ್ದಿಯ ಪೇಜು ಕೊರಿಯಾದ ಸ್ಟಾರ್ ದಂಪತಿಯ ವಿಚ್ಛೇದನವನ್ನು "ನಿಜ ಜೀವನದ ಮಕ್‌ಜಾಂಗ್" ಎಂದು ಕರೆದಿತ್ತು. ಮೊದಲ ಎರಡು ತಪ್ಪು. ಮೂರನೆಯದು ತಪ್ಪಲ್ಲ, ಅಸಹ್ಯ. ಅದಕ್ಕೆ ಆಮೇಲೆ ಬರುತ್ತೇನೆ.

ಉಚ್ಚಾರಣೆ ಬಗ್ಗೆ ಒಂದೇ ಮಾತು: ದಯವಿಟ್ಟು 'ಮ್ಯಾಕ್‌ಜಾಂಗ್' ಅನ್ನಬೇಡಿ. ಮ ನಮ್ಮ ಮಗ್ಗದ ಮ. ಜ ಒತ್ತಿ ಹೇಳುತ್ತಾರೆ, ಕೇಳೋಕೆ ಹತ್ತಿರಹತ್ತಿರ ಚ ಥರವೇ ಇರುತ್ತೆ.

ಈಗ ಪದದ ಹುಟ್ಟು. ನನಗೆ ಇಷ್ಟವಾದ ಭಾಗ ಇದೇ, ಹಾಗಾಗಿ ಸ್ವಲ್ಪ ಜಾಸ್ತಿ ಬರೆದರೆ ಸಹಿಸಿಕೊಳ್ಳಿ.

ಮಕ್‌ಜಾಂಗ್ ಟೀವಿಯಲ್ಲಿ ಹುಟ್ಟಿದ ಪದ ಅಲ್ಲ, ನೆಲದಡಿಯ ಪದ. ಕಲ್ಲಿದ್ದಲು ಗಣಿಯಲ್ಲಿ ಸುರಂಗ ಕೊರೆಯುತ್ತಾ ಹೋದಾಗ, ಇನ್ನು ಮುಂದೆ ದಾರಿ ಇಲ್ಲ, ಎದುರಿಗೆ ಬರೀ ಕಪ್ಪು ಗೋಡೆ ಅನ್ನುವ ಜಾಗ ಬರುತ್ತದಲ್ಲ, ಅದು ಮಕ್‌ಜಾಂಗ್. ಕಲ್ಲಿದ್ದಲನ್ನು ನಿಜವಾಗಿ ಒಡೆದು ತೆಗೆಯೋದು ಅಲ್ಲೇ. ಸೆಖೆ, ಧೂಳು, ಮೇಲಿಂದ ಯಾವಾಗ ಏನು ಕುಸಿಯುತ್ತೋ ಎನ್ನುವ ಭಯ. ಕೊರಿಯಾದ ಈಶಾನ್ಯಕ್ಕಿರುವ ಗಾಂಗ್ವೊನ್ ಪ್ರಾಂತ್ಯದ ಟೇಬೆಕ್, ಜೊಂಗ್ಸೊನ್, ಸಾಮ್ಚೊಕ್ ಕಡೆ ಈ ಗಣಿಗಳಿದ್ದವು. ಹಳೇ ಕಾಲದ ಡ್ರಾಮಾಗಳಲ್ಲಿ ಮನೆ ಬಿಸಿ ಮಾಡಲು ತೂತುತೂತಾದ ದುಂಡನೆಯ ಕಪ್ಪು ಕಲ್ಲಿದ್ದಲು ಬಿಲ್ಲೆ ಹಾಕುತ್ತಾರಲ್ಲ, ಯೊಂತಾನ್ ಅಂತ, ಅದಕ್ಕೆ ಬೇಕಾದ ಕಲ್ಲಿದ್ದಲು ಬರುತ್ತಿದ್ದದ್ದು ಇಂಥ ಗಣಿಗಳಿಂದಲೇ.

ಬೇರೆಲ್ಲೂ ಕೆಲಸ ಸಿಗದೆ, ಸಾಲ ಮಾಡಿಕೊಂಡು, ವ್ಯಾಪಾರ ಮುಳುಗಿ, ಕೊನೆಗೆ ಗಣಿಗೆ ಬಂದು ಸೇರಿದವರು ಬಹಳ ಮಂದಿ. ಹಾಗಾಗಿ 'ಮಕ್‌ಜಾಂಗ್ ಬದುಕು' ಎಂಬ ಮಾತು ಹುಟ್ಟಿತು. ಇನ್ನು ಇಳಿಯಲು ಕೆಳಗೆ ಮೆಟ್ಟಿಲೇ ಇಲ್ಲ ಎನ್ನುವ ಬದುಕು. ಅಲ್ಲಿಂದ ಇಂಟರ್ನೆಟ್ ಹುಡುಗರು ಆ ಪದ ಎತ್ತಿಕೊಂಡು, ಹದಗೆಟ್ಟು ಹಳ್ಳ ಹಿಡಿದದ್ದಕ್ಕೆಲ್ಲ ಮಕ್‌ಜಾಂಗ್ ಅಂದರು. 2008ರ ಸುಮಾರಿಗೆ ಅದು ಧಾರಾವಾಹಿಗಳ ಹೆಗಲೇರಿತು.

ಇನ್ನೂ ಒಳಗೆ ಹೋದರೆ 'ಮಕ್' ಅನ್ನೋದೇ ಒಂದು ಮಜಾ. ಕೆ-ಪಾಪ್ ನೋಡುವವರಿಗೆ 'ಮಕ್ನೇ' ಗೊತ್ತು, ಗುಂಪಿನ ಕಿರಿಯ. ರಾತ್ರಿಯ ಕೊನೇ ಬಸ್ಸು 'ಮಕ್ಚಾ'. ಇವೆರಡರಲ್ಲೂ ಮಕ್ ಅಂದರೆ ಕೊನೆಯದು. ಆದರೆ 'ಮಕ್ಮಲ್' ಅಂದರೆ ಬಾಯಿಗೆ ಬಂದಂತೆ ಆಡಿದ ಮಾತು. ಅಲ್ಲಿ ಮಕ್ ಅಂದರೆ ಹಿಂದುಮುಂದು ನೋಡದೆ, ಸಿಕ್ಕಾಪಟ್ಟೆ ಅಂತ. ಕೊನೆಯದು, ಒರಟು, ಸಿಕ್ಕಾಪಟ್ಟೆ: ಮೂರೂ ಒಂದೇ ಸದ್ದಿನೊಳಗೆ ಕೂತಿವೆ. ಗಣಿಯ ಮಕ್‌ಜಾಂಗ್ 'ಕೊನೆ'ಯ ಕಡೆಯವನು. ಟೀವಿಯ ಮಕ್‌ಜಾಂಗ್ ಕೇಳುವವರಿಗೆ 'ಸಿಕ್ಕಾಪಟ್ಟೆ'ಯೂ ಕೇಳಿಸುತ್ತೆ. ಪದ ಅಷ್ಟು ಬೇಗ ಹಬ್ಬಿದ್ದು ಅದಕ್ಕೇ ಎಂದು ನನ್ನ ಊಹೆ.

ಗಣಿಯವರು ಸುಮ್ನೆ ಕೂರಲಿಲ್ಲ. 2009ರಲ್ಲಿ ಕೊರಿಯಾದ ಸರ್ಕಾರಿ ಕಲ್ಲಿದ್ದಲು ನಿಗಮದ ಮುಖ್ಯಸ್ಥರೇ ಒಂದು ಹೇಳಿಕೆ ಹೊರಡಿಸಿ, ನಮ್ಮ ಜನ ಬೆವರು ಸುರಿಸುವ ಜಾಗದ ಹೆಸರನ್ನು ಹೀಗೆ ಹಾಳು ಮಾಡಬೇಡಿ ಎಂದು ಮಾಧ್ಯಮದವರನ್ನು ಕೇಳಿಕೊಂಡರು. ಯಾರೂ ಕೇಳಲಿಲ್ಲ ಬಿಡಿ. ನಿಗಮದ ಕೊನೆಯ ಮೂರು ಗಣಿಗಳಲ್ಲಿ ಹ್ವಾಸುನ್ 2023ರಲ್ಲಿ, ಟೇಬೆಕ್‌ನ ಜಾಂಗ್ಸೊಂಗ್ 2024ರಲ್ಲಿ, ಡೊಗ್ಯೆ 2025ರಲ್ಲಿ ಮುಚ್ಚಿದವು. ಸರ್ಕಾರಿ ಮಕ್‌ಜಾಂಗ್ ಈಗ ಒಂದೂ ಇಲ್ಲ. ಟೀವಿಯಲ್ಲಿ ಮಾತ್ರ ದಿನಾ ಸಂಜೆ ಇದೆ.

ಇರಲಿ, ಹಾಗಾದರೆ ಮಕ್‌ಜಾಂಗ್ ಡ್ರಾಮಾ ಅಂದರೆ ಯಾವುದು?

ಆಸ್ಪತ್ರೆಯಲ್ಲಿ ಅದಲುಬದಲಾದ ಮಗು, ಮರೆವು, ಅಕ್ರಮ ಸಂಬಂಧ, ಅತ್ತೆಯ ಕಾಟ, ಸೇಡು... ಇವೆಲ್ಲ ಇದ್ದರೆ ಮಕ್‌ಜಾಂಗ್ ಎಂದು ಎಲ್ಲರೂ ಪಟ್ಟಿ ಕೊಡುತ್ತಾರೆ. ಪಟ್ಟಿಯಲ್ಲಿ ತಪ್ಪಿಲ್ಲ, ಆದರೆ ಪಟ್ಟಿಯಿಂದ ಏನೂ ಗೊತ್ತಾಗಲ್ಲ. 2000ದಲ್ಲಿ ಬಂದ 'ಆಟಮ್ ಇನ್ ಮೈ ಹಾರ್ಟ್'ನಲ್ಲಿ ಮಗು ಅದಲುಬದಲಾಗುತ್ತೆ, ಅಣ್ಣ-ತಂಗಿಯಾಗಿ ಬೆಳೆದವರು ಪ್ರೀತಿಸುತ್ತಾರೆ, ಕೊನೆಗೆ ಹುಡುಗಿಗೆ ರಕ್ತದ ಕ್ಯಾನ್ಸರ್. ಸಾಮಾನು ಎಲ್ಲಾ ಇದೆ. ಆದರೂ ಅದು ಮಕ್‌ಜಾಂಗ್ ಅಲ್ಲ, ಅದು ಅಳಿಸೋ ಕಥೆ. ಅದಕ್ಕೆ ಕೊರಿಯನ್ನರಲ್ಲಿ ಬೇರೆಯದೇ ಪದ ಇದೆ: 'ಸಿನ್ಪಾ'. ನೂರು ವರ್ಷದ ಹಿಂದೆ ಜಪಾನಿನಿಂದ ಬಂದ ಒಂದು ಬಗೆಯ ನಾಟಕದ ಹೆಸರು ಅದು. ಈಗ ಪ್ರೇಕ್ಷಕರ ಕಣ್ಣೀರು ಹಿಂಡಲು ಹೊರಟದ್ದನ್ನೆಲ್ಲ ಸಿನ್ಪಾ ಅನ್ನುತ್ತಾರೆ. ಟ್ಯಾಂಜರಿನ್ಸ್ ನೋಡಿದ ಆ ಹುಡುಗಿಗೆ ಅದನ್ನು ಬೈಯಲೇಬೇಕು ಅನ್ನಿಸಿದ್ದರೆ ಸಿನ್ಪಾ ಅಂತ ಬೈಯಬಹುದಿತ್ತು. ನಾನಂತೂ ಅದಕ್ಕೂ ಒಪ್ಪಲ್ಲ. ಜೇಜು ದ್ವೀಪದಲ್ಲಿ ಉಸಿರು ಹಿಡಿದು ಸಮುದ್ರಕ್ಕೆ ಮುಳುಗಿ ಸಂಸಾರ ನಡೆಸುವ ತಾಯಿಯ ಕಥೆ ನೋಡಿ ಅಳು ಬಂದರೆ ಅದು ಹಿಂಡಿದ ಅಳು ಅಲ್ಲ, ತಾನಾಗಿ ಬಂದದ್ದು.

ವ್ಯತ್ಯಾಸ ಇರೋದು ಇನ್ನೊಂದು ಪದದಲ್ಲಿ. ಕೊರಿಯಾದಲ್ಲಿ ಡ್ರಾಮಾ ಬೈಯುವವರ ಬಾಯಲ್ಲಿ ಸದಾ ಇರುವ ಪದ 'ಗೇಯೊನ್ಸೊಂಗ್'. ಇದಾದ ಮೇಲೆ ಅದು ಆಗೋದು ಸಹಜ ಅಂತ ನಂಬಿಸುವ ಗುಣ ಅದು. ಮಕ್‌ಜಾಂಗ್‌ನಲ್ಲಿ ಇರದೇ ಇರೋದು ಅದೇ. ನಾಳೆಯ ಕಂತಿಗೆ ಏನು ಬೇಕೋ ಅದು ಇವತ್ತು ನಡೆದುಬಿಡುತ್ತೆ, ಕಾರಣ ಕೇಳೋ ಹಾಗಿಲ್ಲ. ಸತ್ತವರು ಬೇಕಾದರೆ ಬರುತ್ತಾರೆ. ಬೇಡವಾದವರು ಮೆಟ್ಟಿಲಿನಿಂದ ಬೀಳುತ್ತಾರೆ.

'ಟೆಂಪ್ಟೇಷನ್ ಆಫ್ ವೈಫ್' ನೋಡದೆ ಈ ಪದ ಬಳಸುವವರ ಮೇಲೆ ನನಗೆ ಸ್ವಲ್ಪ ಸಿಟ್ಟೇ ಇದೆ. 2008ರ ಕೊನೆಯಲ್ಲಿ ಕೊರಿಯಾದ ಎಸ್‌ಬಿಎಸ್ ಚಾನೆಲ್‌ನಲ್ಲಿ ಶುರುವಾಗಿ 129 ಕಂತು ಓಡಿತು, ಬರೆದದ್ದು ಕಿಮ್ ಸೂನ್-ಓಕ್. ಗಂಡ ಹೆಂಡತಿಯ ಗೆಳತಿಯ ಜೊತೆಗೇ ಸೇರಿಕೊಂಡದ್ದು ಗೊತ್ತಾಗುತ್ತೆ, ಹೆಂಡತಿ ಸಮುದ್ರದ ಪಾಲಾಗುತ್ತಾಳೆ, ಎಲ್ಲರೂ ಅವಳು ಸತ್ತಳು ಅಂದುಕೊಳ್ಳುತ್ತಾರೆ. ಅವಳು ಬದುಕಿ ವಾಪಸ್ ಬರುತ್ತಾಳೆ, ಬೇರೆ ಹೆಸರಲ್ಲಿ, ಸೇಡಿಗೆ. ವೇಷ ಏನು ಗೊತ್ತಾ? ಕಣ್ಣಿನ ಪಕ್ಕ ಒಂದು ಚುಕ್ಕೆ. ಮಚ್ಚೆ. ಅಷ್ಟೇ! ಅದೇ ನಟಿ, ಅದೇ ಮುಖ, ಅದೇ ಎತ್ತರ. ಕಟ್ಟಿಕೊಂಡ ಗಂಡನಿಗೆ ಗುರುತು ಸಿಗಲ್ಲ, ಸಿಗದಿರಲಿ, ಅವನು ಮತ್ತೆ ಅವಳ ಹಿಂದೆಯೇ ಬೀಳುತ್ತಾನೆ. ನಮ್ಮ ಮನೆಯಲ್ಲಿ ಆ ಕಂತು ಹಾಕಿದಾಗ ಚಿಕ್ಕಮ್ಮ ಬಟಾಣಿ ಸುಲಿಯುತ್ತಾ ಕೂತಿದ್ದರು. ಭಾಷೆ ಅರ್ಥವಾಗದೆಯೂ ತಲೆ ಎತ್ತಿ, "ಲೇ, ಅವಳೇ ಅಲ್ವೇನೇ ಇದು? ಆ ಮುಠ್ಠಾಳನಿಗೆ ಕಣ್ಣಿಲ್ವಾ?" ಅಂದರು. ಆಮೇಲೆ ಬಟಾಣಿ ಪಕ್ಕಕ್ಕಿಟ್ಟು ಇನ್ನೂ ನಾಲ್ಕು ಕಂತು ನೋಡಿದರು. ಕೊರಿಯಾದಲ್ಲಿ ಇದಕ್ಕೊಂದು ಮಾತೇ ಇದೆ, ಬೈಕೊಂಡೇ ನೋಡೋದು ಅಂತ. ಆ ಕಾಲಕ್ಕೆ ಅದರ ರೇಟಿಂಗ್ ಶೇಕಡಾ 35 ದಾಟಿತ್ತು. ಹಾಗಾಗಿ 'ಬೋರು, ಮಕ್‌ಜಾಂಗ್' ಅಂತ ಬರೆದವರಿಗೆ ಹೇಳೋದು ಇಷ್ಟೇ: ಬೋರಾದರೆ ಅದು ಮಕ್‌ಜಾಂಗ್ ಆಗೋಕೆ ಸಾಧ್ಯವೇ ಇಲ್ಲ. ಮಕ್‌ಜಾಂಗ್ ಏನು ಬೇಕಾದರೂ ಆಗಬಹುದು, ಬೋರಾಗಲ್ಲ.

ಇನ್ನು ಕಿಮ್ಚಿ ಏಟು. 2014ರಲ್ಲಿ ಎಂಬಿಸಿಯಲ್ಲಿ ಬಂದ, ಹೆಸರಲ್ಲೇ ಕಿಮ್ಚಿ ಇದ್ದ ಬೆಳಗಿನ ಧಾರಾವಾಹಿಯದು. ಅತ್ತೆ ಅಳಿಯನ ಕೆನ್ನೆಗೆ ಬಾರಿಸುತ್ತಾಳೆ, ಕೈಯಿಂದಲ್ಲ, ಉಪ್ಪು-ಖಾರ ಹಾಕಿ ಹುದುಗಿಸಿದ ಇಡೀ ಎಲೆಕೋಸಿನ ಕಿಮ್ಚಿಯಿಂದ. ಪಟಾರ್ ಅಂತ ಸದ್ದು, ಕೆಂಪು ರಸ ಮುಖದ ತುಂಬಾ. ಇನ್ನೊಂದು ಧಾರಾವಾಹಿಯಲ್ಲಿ ಗುಟ್ಟು ಕೇಳಿದ ಗಂಡಸೊಬ್ಬ ಬಾಯಲ್ಲಿದ್ದ ಕಿತ್ತಳೆ ಜ್ಯೂಸನ್ನು ಹಾಗೇ ಲೋಟಕ್ಕೆ ವಾಪಸ್ ಸುರಿಸುತ್ತಾನೆ. ಇವೆರಡೂ ಇವತ್ತಿಗೂ ಮೀಮ್ ಆಗಿ ಓಡಾಡುತ್ತಿವೆ, ಇಡೀ ಧಾರಾವಾಹಿ ನೋಡದವರೂ ಇವನ್ನು ನೋಡಿರುತ್ತಾರೆ.

ಈ ಲೋಕದ ಇನ್ನೊಂದು ದೊಡ್ಡ ಹೆಸರು ಬರಹಗಾರ್ತಿ ಇಮ್ ಸುಂಗ್-ಹಾನ್. ಅವರ 2011ರ ಧಾರಾವಾಹಿಯಲ್ಲಿ ದೆವ್ವ ಹಿಡಿದವನ ಕಣ್ಣಿಂದ ಲೇಸರ್ ಬಂತು. 2013ರ 'ಪ್ರಿನ್ಸೆಸ್ ಅರೋರಾ'ದಲ್ಲಿ ಪಾತ್ರಗಳು ಒಂದೊಂದಾಗಿ ಸಾಯುತ್ತಾ, ಮಾಯವಾಗುತ್ತಾ ಹೋಗಿ ಕೊನೆಗೆ ಮನೆ ನಾಯಿಯೂ ಸತ್ತಿತು. ಕ್ಯಾನ್ಸರ್ ಬಂದ ಪಾತ್ರವೊಂದು ಕ್ಯಾನ್ಸರ್ ಕಣಗಳೂ ಜೀವ ತಾನೇ ಅನ್ನುವ ಅರ್ಥದ ಮಾತಾಡಿದ್ದೂ ಅದರಲ್ಲೇ. ಇದನ್ನು ಕಲ್ಪಿಸಿಕೊಳ್ಳೋಕೂ ಧೈರ್ಯ ಬೇಕು.

ನಮ್ಮಲ್ಲಿ ಗೊಂದಲ ಯಾಕೆ ಅಂತ ಯೋಚಿಸಿದರೆ ಕಾರಣ ಸುಲಭ. ನಾವು ನೋಡೋದು ಹೆಚ್ಚಾಗಿ ನೆಟ್‌ಫ್ಲಿಕ್ಸ್‌ನಲ್ಲಿ ಬರುವ ಹದಿನಾರು ಕಂತಿನವು. ಮಕ್‌ಜಾಂಗ್‌ನ ತವರು ಅದಲ್ಲ. ಸಂಜೆ (ಹಿಂದೆಲ್ಲ ಬೆಳಿಗ್ಗೆಯೂ), ವಾರಕ್ಕೆ ಐದು ದಿನ ಬರುವ, ನೂರು ದಾಟುವ ದಿನದ ಧಾರಾವಾಹಿಗಳು ಅದರ ತವರು. ಅವು ಇಲ್ಲಿಗೆ ಬರೋದು ಕಡಿಮೆ. ಹಾಗಂತ ನಮಗೆ ಆ ರುಚಿ ಹೊಸದಲ್ಲ. 'ಪುಟ್ಟಗೌರಿ ಮದುವೆ'ಯ ಗೌರಿ ಬೆಟ್ಟದಿಂದ ಬಿದ್ದೂ ಬದುಕಿ, ಕಾಡಲ್ಲಿ ಹುಲಿ ಎದುರಿಗೆ ಬಂದರೂ ಉಳಿದಾಗ ಇಡೀ ಕರ್ನಾಟಕ ಟ್ರೋಲ್ ಮಾಡಿತು, ಅಲ್ವಾ? ಮಕ್‌ಜಾಂಗ್ ಏನು ಅಂತ ಕನ್ನಡದವರಿಗೆ ಅರ್ಥ ಮಾಡಿಸಲು ಅದಕ್ಕಿಂತ ಒಳ್ಳೇ ಉದಾಹರಣೆ ಬೇಕಿಲ್ಲ.

'ಸ್ಕೈ ಕ್ಯಾಸಲ್' ಮಕ್‌ಜಾಂಗಾ ಅಂತ ತುಂಬಾ ಜನ ಕೇಳುತ್ತಾರೆ. ಅಲ್ಲ. ಅದರಲ್ಲೂ ಹುಟ್ಟಿನ ಗುಟ್ಟಿದೆ, ಸಾವಿದೆ. ಆದರೆ ಪ್ರತಿಯೊಂದೂ ಮಗನಿಗೆ, ಮಗಳಿಗೆ ಹೇಗಾದರೂ ಮೆಡಿಕಲ್ ಸೀಟು ಕೊಡಿಸಬೇಕು ಎನ್ನುವ ಅಪ್ಪ-ಅಮ್ಮನ ಹುಚ್ಚಿನಿಂದಲೇ ಹುಟ್ಟುತ್ತೆ. ಕಾರಣ ಕಣ್ಣೆದುರೇ ಇದೆ. (ಅದರ ಕರೀ ಬಟ್ಟೆಯ ಕೋಚ್ ಆಗಿರುವ ನಟಿ ಕಿಮ್ ಸೊ-ಹ್ಯುಂಗ್, ಟೆಂಪ್ಟೇಷನ್‌ನಲ್ಲಿ ಗಂಡನನ್ನು ಕಸಿದುಕೊಂಡ ಅದೇ ಗೆಳತಿ. ಗೊತ್ತಿದ್ದು ನೋಡಿದರೆ ಮಜಾ ಜಾಸ್ತಿ.) 'ಕ್ವೀನ್ ಆಫ್ ಟಿಯರ್ಸ್' ಕೊನೆಕೊನೆಗೆ ಮರೆವು, ಅಪಹರಣ, ಗುಂಡೇಟು ಅಂತ ಮಕ್‌ಜಾಂಗ್‌ನಿಂದ ಕೈಗಡ ತಗೊಂಡಿತು. ಆದರೆ ಮುಖ ಗಂಟು ಹಾಕಿಕೊಂಡು ತಗೊಂಡಿತು, ಹಾಗಾಗಿ ನನಗೆ ಅದು ಎರಡೂ ಕಡೆ ಸಲ್ಲದ್ದು ಅನ್ನಿಸಿತು. 'ಪೆಂಟ್‌ಹೌಸ್' ಹಾಗಲ್ಲ. ಅದೂ ಕಿಮ್ ಸೂನ್-ಓಕ್ ಬರೆದದ್ದೇ, 2020-21ರಲ್ಲಿ ಮೂರು ಸೀಸನ್. ನೂರು ಮಹಡಿಯ ಕಟ್ಟಡ, ಹಾಡುಗಾರಿಕೆ ಕಲಿಯುವ ಮಕ್ಕಳು, ಸತ್ತೂ ಸತ್ತೂ ವಾಪಸ್ ಬರುವ ದೊಡ್ಡವರು. ನಾಚಿಕೆ ಅನ್ನೋದೇ ಇಲ್ಲ. ಅಷ್ಟು ಖರ್ಚು ಮಾಡಿ, ಅಷ್ಟು ಒಳ್ಳೇ ನಟರನ್ನು ಹಾಕಿ ಮಾಡಿದ ಮಕ್‌ಜಾಂಗ್ ಅದು, ಅಂದರೆ ಕೆಟ್ಟದ್ದು ಅನ್ನೋ ಅರ್ಥ ಅಲ್ಲೇ ಬಿದ್ದುಹೋಯಿತು.

ಈಗ ಆ ಮೂರನೆಯದು, ಸುದ್ದಿ ಪೇಜಿನದು. ಕೊರಿಯಾದ ಪತ್ರಿಕೆಗಳೂ ಸಂಸತ್ತಿನ ಗಲಾಟೆಗೆ, ಮನೆಮಂದಿಯ ಆಸ್ತಿ ಜಗಳಕ್ಕೆ ಮಕ್‌ಜಾಂಗ್ ಅನ್ನುತ್ತವೆ, ನಿಜ. ಆದರೆ ಡ್ರಾಮಾದಲ್ಲಿ ಕಾರಣ ಇರಲ್ಲ, ಬರೆಯುವವರಿಗೆ ಬೇಕಾಗಿ ನಡೆಯುತ್ತೆ. ಬದುಕಿನಲ್ಲಿ ಮದುವೆ ಮುರಿಯೋಕೆ ಕಾರಣ ಇರುತ್ತೆ, ನಮಗೆ ಗೊತ್ತಿರಲ್ಲ ಅಷ್ಟೇ. ನಮಗೆ ಗೊತ್ತಿಲ್ಲ ಅಂದಮಾತ್ರಕ್ಕೆ ಅದನ್ನು ನಮ್ಮ ಸಂಜೆಯ ಮನರಂಜನೆ ಮಾಡಿಕೊಂಡು, ಮೇಲೊಂದು ಪಾಪ್‌ಕಾರ್ನ್ ಇಮೋಜಿ ಬೇರೆ. ಆ ಪೇಜನ್ನು ಅನ್‌ಫಾಲೋ ಮಾಡಿದೆ.

ಇದನ್ನೆಲ್ಲ ಕೊರಿಯಾದ ಸುವಾನ್‌ನಲ್ಲಿ ಕೆಲಸ ಮಾಡುವ ಗೆಳತಿಗೆ ವಾಟ್ಸಾಪ್‌ನಲ್ಲಿ ಉದ್ದಕ್ಕೆ ಬರೆದು ಕಳಿಸಿದೆ, ಸರಿ ಇದೆಯಾ ನೋಡು ಅಂತ. ಅವಳು ಉತ್ತರ ಕೊಡಲಿಲ್ಲ. ಅಂಗಡಿಯಿಂದ ಒಂದು ಫೋಟೋ ಕಳಿಸಿದಳು: ಕಂದು ಬಣ್ಣದ ಪ್ಲಾಸ್ಟಿಕ್ ಡಬ್ಬ, ಮೇಲೆ ಕೊರಿಯನ್ ಅಕ್ಷರದಲ್ಲಿ ಮಕ್‌ಜಾಂಗ್. ಸೋಯಾ ಹುದುಗಿಸಿ ಮಾಡುವ ಒಂದು ಬಗೆಯ ಪೇಸ್ಟ್, ಅದಕ್ಕೂ ಅದೇ ಹೆಸರು, ಅದೂ ಗಣಿಗಳಿದ್ದ ಗಾಂಗ್ವೊನ್ ಕಡೆಯದೇ. ಆದರೆ ಇಲ್ಲಿನ ಜಾಂಗ್ ಬೇರೆ, ಗೊಚುಜಾಂಗ್ ಎಂಬ ಮೆಣಸಿನಕಾಯಿ ಪೇಸ್ಟ್‌ನ ಹೆಸರಲ್ಲಿರುವ ಜಾಂಗ್. ಕೆಳಗೆ ಬರೆದಿದ್ದಳು: "ಕಿಮ್ಚಿ ಏಟು ಆಯ್ತಲ್ಲ, ಇದರಲ್ಲಿ ಹೊಡೆಯೋ ಸೀನ್ ಇನ್ನೂ ಬಂದಿಲ್ವಾ?"